ಮೂಲ ಫ್ಲಾಪಿಗೆ ಬೂಷ್ಟು ಹಿಡಿದಾಗ

2002ನೇ ಇಸವಿ. ನಾನಾಗ ಬಿ.ಇ. ಎರಡನೇ ವರ್ಷ. ರಜೆಗೆ ಊರಿಗೆ ಬಂದವನನ್ನು ತಿಪಟೂರಿನ ಡಿಟಿಪಿ ಅಂಗಡಿಯ ಅಣ್ಣ ಹಿಡಿದು ಕೂರಿಸಿದರು. "ಕಂಪ್ಯೂಟರ್ ಸೈನ್ಸ್ ಓದ್ತಿದೀಯಂತಲ್ಲಪ್ಪ, ಈ ಫ್ಲಾಪಿ ಒಂದು ಕಾಪಿ ಮಾಡ್ಕೊಡು."

ಇಷ್ಟೇ ತಾನೇ ಅನ್ನಿಸಿತು. ಅದು ಅವರ ಕನ್ನಡ ಡಿಟಿಪಿ ಸಾಫ್ಟ್‌ವೇರಿನ ಕೀ ಫ್ಲಾಪಿ. ಪ್ರತಿದಿನ ಬೆಳಿಗ್ಗೆ ಅದನ್ನು ಡ್ರೈವಿಗೆ ಹಾಕಿದರೆ ಮಾತ್ರ ಸಾಫ್ಟ್‌ವೇರ್ ಬಾಗಿಲು ತೆಗೆಯುತ್ತಿತ್ತು. ಸಾಲ ಮಾಡಿ, ಬಿಲ್ ಸಮೇತ ಕೊಂಡಿದ್ದು. ನಾಲ್ಕು ಮಳೆಗಾಲ ಕಂಡ ಆ ಫ್ಲಾಪಿಯ ತಗಡಿನ ಮುಚ್ಚಳ ಸರಿಸಿ ನೋಡಿದರೆ ಒಳಗಿನ ಕಂದು ತಟ್ಟೆಯ ಮೇಲೆ ಬಿಳಿ ಚುಕ್ಕೆಗಳು. ಬೂಷ್ಟು. ಹತ್ತು ಸಲ ಹಾಕಿದರೆ ಒಂದು ಸಲ ಓದುತ್ತಿತ್ತು.

ನಾನು ಗತ್ತಿನಿಂದ ಡಿಸ್ಕ್‌ಕಾಪಿ ಕಮ್ಯಾಂಡ್ ಕೊಟ್ಟೆ. ಒಂದು ಕಡೆ ತಡವರಿಸಿದರೂ ಕಾಪಿ ಆಯಿತು. ಹೊಸ ಫ್ಲಾಪಿ ಹಾಕಿ ಸಾಫ್ಟ್‌ವೇರ್ ತೆರೆದರೆ, ಮೂಲ ಫ್ಲಾಪಿ ಹಾಕಿ ಅಂತು. ಇನ್ನೊಂದು ಸಲ ಮಾಡಿದೆ. ಅದೇ ಕಥೆ. ಕಂಪನಿಗೆ ಫೋನ್ ಮಾಡಿದರೆ ಆ ನಂಬರ್ ಚಾಲ್ತಿಯಲ್ಲೇ ಇರಲಿಲ್ಲ. "ಏನಪ್ಪಾ ಇಂಜಿನಿಯರ್ರು, ಒಂದು ಫ್ಲಾಪಿ ಕಾಪಿ ಮಾಡಕ್ಕೆ ಬರಲ್ವಾ?" ಅಂತ ಅಣ್ಣ ನಕ್ಕರು. ನಗುವಿನಲ್ಲಿ ಜೀವ ಇರಲಿಲ್ಲ. ಲಗ್ನಪತ್ರಿಕೆ ಸೀಸನ್ನು. ಅದಕ್ಕಿಂತ ಹೆಚ್ಚಾಗಿ, ನಮ್ಮ ನಿವೃತ್ತ ಮೇಷ್ಟ್ರೊಬ್ಬರು ಸುತ್ತಮುತ್ತಲ ಊರುಗಳ ಅಜ್ಜಿಯರಿಂದ ಬರೆದುಕೊಂಡಿದ್ದ ಸೋಬಾನೆ ಪದಗಳ ಪುಸ್ತಕ ಪೂರ್ತಿ ಆ ಕಂಪ್ಯೂಟರಿನೊಳಗಿತ್ತು. ಎಂಬತ್ತು ಪುಟ. ಎರಡನೇ ಪ್ರೂಫ್ ಬಾಕಿ. ಆ ಫೈಲನ್ನು ಬೇರೆ ಯಾವ ಸಾಫ್ಟ್‌ವೇರಿನಲ್ಲಿ ತೆರೆದರೂ ಬರುತ್ತಿದ್ದುದು ಬರೀ ಗೀಚು. ಹೇಳಿ ಬರೆಸಿದ್ದ ಅಜ್ಜಿಯರಲ್ಲಿ ಇಬ್ಬರು ಅಷ್ಟರಲ್ಲಿ ತೀರಿಹೋಗಿದ್ದರು.

ಆ ದಿನ ನನ್ನೊಳಗೆ ಎರಡು ಪ್ರಶ್ನೆ ಕೂತವು. ಒಂದು, ಈ ಫ್ಲಾಪಿ ಕಾಪಿ ಮಾಡಬಹುದಾ? ಎರಡು, ಮಾಡೋಕ್ಕಾಗುತ್ತಾ? ಮೊದಲನೆಯದು ಕಾನೂನಿನದು, ಎರಡನೆಯದು ತಂತ್ರದ್ದು. ಎರಡಕ್ಕೂ ಒಂದೇ ಉತ್ತರ ಇರುತ್ತೆ ಅಂತ ನಾವು ಅಂದುಕೊಂಡಿರುತ್ತೇವೆ. ಆಮೇಲೆ ಹುಡುಕಿ ಓದಿದಾಗ ಗೊತ್ತಾಗಿದ್ದು ಇಷ್ಟು: ನಲವತ್ತು ವರ್ಷಗಳ ಈ ಇತಿಹಾಸದಲ್ಲಿ ಈ ಎರಡು ಉತ್ತರಗಳು ಹೊಂದಿಕೊಂಡಿದ್ದೇ ಅಪರೂಪ.

ಕಥೆ ಶುರುವಾಗುವುದು ಡಿಸ್ಕಿಗಿಂತ ಮುಂಚೆ, ಕಾಗದದ ಪಟ್ಟಿಯಿಂದ. 1975ರಲ್ಲಿ ಅಮೆರಿಕದಲ್ಲಿ ಆಲ್ಟೇರ್ 8800 ಎಂಬ, ಮನೆಯಲ್ಲೇ ಜೋಡಿಸಿಕೊಳ್ಳುವ ಕಂಪ್ಯೂಟರ್ ಬಂತು. ಅದಕ್ಕೆ ಬೇಸಿಕ್ ಭಾಷೆ ಬರೆದುಕೊಟ್ಟವರು ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್. ಪ್ರೋಗ್ರಾಂ ಇರುತ್ತಿದ್ದುದು ತೂತು ಕೊರೆದ ಉದ್ದನೆಯ ಕಾಗದದ ಸುರುಳಿಯಲ್ಲಿ. ಬೇಸಿಕ್ ಒಂದನ್ನೇ ಬಿಡಿಯಾಗಿ ಕೊಂಡರೆ 500 ಡಾಲರ್. ಕಡಿಮೆಗೆ ಬೇಕಿದ್ದರೆ ಅದೇ ಕಂಪನಿಯ ಮೆಮೊರಿ ಬೋರ್ಡನ್ನೂ ಕೊಳ್ಳಬೇಕು, ಆ ಬೋರ್ಡುಗಳೋ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಹೀಗಿರುವಾಗ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ನಡೆದ ಪ್ರದರ್ಶನವೊಂದರಲ್ಲಿ ಆ ಸುರುಳಿ ಯಾರದೋ ಕೈ ಸೇರಿತು. ಅಲ್ಲಿಂದ ಡಾನ್ ಸೋಕಲ್ ಎಂಬ ಇಂಜಿನಿಯರ್ ಕೈಗೆ ಬಂತು. ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಮುಂದಿನ ಸಭೆಗೆ ಆತ ಪೆಟ್ಟಿಗೆ ತುಂಬ ನಕಲು ತಂದ. ಷರತ್ತು ಒಂದೇ: ಒಂದು ಒಯ್ದವನು ಮುಂದಿನ ಸಲ ಎರಡು ತರಬೇಕು. ನಮ್ಮೂರಲ್ಲಿ ಬಿತ್ತನೆ ಬೀಜ ಕಡ ಕೊಟ್ಟು ಸುಗ್ಗಿಯಲ್ಲಿ ಹೆಚ್ಚಿಗೆ ಅಳೆಸಿಕೊಳ್ಳುತ್ತಿದ್ದರಲ್ಲ, ಹಾಗೆ.

1976ರ ಫೆಬ್ರವರಿ 3ರ ತಾರೀಕು ಹಾಕಿ ಗೇಟ್ಸ್ ಹವ್ಯಾಸಿಗಳಿಗೊಂದು ಬಹಿರಂಗ ಪತ್ರ ಬರೆದರು. ಆಗ ಅವರಿಗೆ 20 ವರ್ಷ. ನಿಮ್ಮಲ್ಲಿ ಬಹಳಷ್ಟು ಜನ ಕದಿಯುತ್ತಿದ್ದೀರಿ, ಆಲ್ಟೇರ್ ಇಟ್ಟುಕೊಂಡವರಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಜನ ಬೇಸಿಕ್ ಕೊಂಡಿದ್ದಾರೆ, ನಾವು ಹಾಕಿದ ಶ್ರಮಕ್ಕೆ ಗಂಟೆಗೆ 2 ಡಾಲರ್ ಕೂಡ ಗಿಟ್ಟಿಲ್ಲ ಎಂಬುದು ಅದರ ಸಾರ. ಕಾಲೇಜಿನಲ್ಲಿದ್ದಾಗ ಈ ಪತ್ರ ಓದಿ ನಕ್ಕಿದ್ದೆ. ಈಗ ತಿಂಗಳ ಕೊನೆಗೆ ಸಂಬಳದ ಮೆಸೇಜ್ ಬಂದಾಗ ಅಷ್ಟು ಸಲೀಸಾಗಿ ನಗು ಬರಲ್ಲ. ಬರೆದವನಿಗೂ ಹೊಟ್ಟೆ ಇರುತ್ತೆ. ಆದರೆ ದುಡ್ಡು ಕಟ್ಟಿ ತಿಂಗಳುಗಟ್ಟಲೆ ಕಾದು ಕೂತಿದ್ದವರೂ ಆ ಕ್ಲಬ್ಬಿನಲ್ಲಿದ್ದರು ಅನ್ನುವುದೂ ಅಷ್ಟೇ ನಿಜ.

ಪತ್ರದಿಂದ ಕೆಲಸ ಆಗಲಿಲ್ಲ. ಮುಂದೆ ಕಂಪನಿಗಳು ಬೀಗ ಹುಡುಕಿದವು.

1978ರಲ್ಲಿ ಆಪಲ್ ಕಂಪನಿಗೆ ಸ್ಟೀವ್ ವೋಜ್ನಿಯಾಕ್ ಮಾಡಿಕೊಟ್ಟ ಡಿಸ್ಕ್ 2 ಎಂಬ ಫ್ಲಾಪಿ ಡ್ರೈವ್ ಬಂತು. ಖರ್ಚು ಉಳಿಸಲು ಅವರು ಹಾರ್ಡ್‌ವೇರ್ ಮಾಡಬೇಕಾದ ಎಷ್ಟೋ ಕೆಲಸವನ್ನು ಸಾಫ್ಟ್‌ವೇರಿಗೆ ವಹಿಸಿದ್ದರು. ಇದರಿಂದ ಯಾರು ಬೇಕಾದರೂ ಫ್ಲಾಪಿಯ ಮೇಲೆ ತಮಗಿಷ್ಟ ಬಂದ ಹಾಗೆ ಬರೆಯುವಂತಾಯಿತು. ಮಾಮೂಲಿ ಫ್ಲಾಪಿ ಅಂದರೆ ಗೆರೆ ಹಾಕಿದ ಕಾಪಿ ಪುಸ್ತಕ ಇದ್ದಂತೆ. ಗೆರೆಯ ಮೇಲೆ ಬರೆದಿದ್ದನ್ನು ಕಾಪಿ ಪ್ರೋಗ್ರಾಂ ಓದಿ ಇನ್ನೊಂದಕ್ಕೆ ಬರೆಯುತ್ತೆ. ಬೀಗ ಹಾಕುವವರು ಎರಡು ಗೆರೆಯ ಮಧ್ಯೆ ಬರೆದರು, ಪುಟದ ಸಂಖ್ಯೆಯ ಗುರುತನ್ನೇ ಬದಲಾಯಿಸಿದರು. ಅವರ ಪ್ರೋಗ್ರಾಮಿಗೆ ಮಾತ್ರ ಎಲ್ಲಿ ನೋಡಬೇಕು ಅಂತ ಗೊತ್ತು. 1981ರ ಹೊತ್ತಿಗೆ ಲಾಕ್‌ಸ್ಮಿತ್ ಎಂಬ ಪ್ರೋಗ್ರಾಂ ಬಂತು. ಅದು ಗೆರೆಗಳ ಗೊಡವೆಗೆ ಹೋಗದೆ ಬಿಟ್ ಬಿಟ್ಟನ್ನೇ ಎತ್ತಿ ಇಳಿಸುತ್ತಿತ್ತು. ಹೊಸ ಬೀಗ, ಹೊಸ ಕೀಲಿ. ಈ ಹಾವು ಏಣಿ ಆಟ ವರ್ಷಗಟ್ಟಲೆ ನಡೆಯಿತು.

ತಿಪಟೂರಿನಲ್ಲಿ ನನ್ನನ್ನು ಸೋಲಿಸಿದ್ದು ಇಂಥ ಯಾವುದೋ ಬೀಗವೇ. ಇವುಗಳಲ್ಲಿ ನನಗೆ ತುಂಬ ಇಷ್ಟವಾದ ಒಂದರ ಬಗ್ಗೆ ಹೇಳ್ತೀನಿ. ಫ್ಲಾಪಿಯ ಒಂದು ಜಾಗದಲ್ಲಿ ಬೇಕೆಂದೇ ಸೊನ್ನೆಯೂ ಅಲ್ಲದ, ಒಂದೂ ಅಲ್ಲದ ದುರ್ಬಲ ಗುರುತು ಬಿಡುತ್ತಾರೆ. ಆ ಜಾಗವನ್ನು ಎರಡು ಸಲ ಓದಿದರೆ ಎರಡು ಬೇರೆ ಉತ್ತರ ಬರುತ್ತೆ. ಡಿಸ್ಕ್‌ಕಾಪಿ ಏನು ಮಾಡುತ್ತೆ? ಮೊದಲ ಸಲ ಸಿಕ್ಕ ಉತ್ತರವನ್ನೇ ಗಟ್ಟಿಯಾಗಿ ಬರೆದುಬಿಡುತ್ತೆ. ಸಾಫ್ಟ್‌ವೇರ್ ಶುರುವಾಗುವಾಗ ಆ ಜಾಗವನ್ನು ಮತ್ತೆ ಮತ್ತೆ ಕೇಳುತ್ತೆ. ಮಾತು ಬದಲಾಯಿಸಿದರೆ ಮೂಲ, ಒಂದೇ ಮಾತು ಹೇಳಿದರೆ ನಕಲು! ಸತ್ಯ ಹೇಳಿದವನೇ ಸಿಕ್ಕಿಬೀಳುವ ಪಂಚಾಯ್ತಿ ಇದು.

1983ರಲ್ಲಿ ಬಂದ ಲೋಟಸ್ 1-2-3 ಕಚೇರಿಗಳಿಗೆಲ್ಲ ಪಿಸಿ ತರಿಸಿದ ಸಾಫ್ಟ್‌ವೇರ್. ಹಾರ್ಡ್ ಡಿಸ್ಕಿಗೆ ಹಾಕಿಕೊಂಡರೂ ಅದಕ್ಕೆ ಕೀ ಫ್ಲಾಪಿ ಬೇಕಿತ್ತು. ಆಷ್ಟನ್-ಟೇಟ್ ಕಂಪನಿಯ ಡಿಬೇಸ್ 3ಕ್ಕೆ ಪ್ರೋಲಾಕ್ ಎಂಬ ಬೀಗ. ಅದನ್ನು ಮಾಡಿದ್ದು ವಾಲ್ಟ್ ಎಂಬ ಕಂಪನಿ. ತಟ್ಟೆಯ ಮೇಲೇ ನಕಲಾಗದ ಒಂದು ಗುರುತು, ಅವರ ಮಾತಲ್ಲಿ ಬೆರಳಚ್ಚು. ಕ್ವೇಡ್ ಎಂಬ ಇನ್ನೊಂದು ಕಂಪನಿ ಆ ಬೆರಳಚ್ಚು ಇಲ್ಲದಿದ್ದರೂ ಇದೆ ಎಂದು ನಂಬಿಸುವ ಪ್ರೋಗ್ರಾಂ ಮಾರಿತು. ವಾಲ್ಟ್ ಕೋರ್ಟಿಗೆ ಹೋಯಿತು. 1988ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ವಾಲ್ಟ್ ವಿರುದ್ಧ ತೀರ್ಪು ಕೊಟ್ಟಿತು. ಕೊಂಡವನು ತನ್ನ ರಕ್ಷಣೆಗೆ ಒಂದು ಪ್ರತಿ ಇಟ್ಟುಕೊಳ್ಳಬಹುದು ಅಂತ 1980ರಲ್ಲೇ ಅಲ್ಲಿನ ಕಾನೂನಿಗೆ ಸೇರಿಸಿದ್ದರು. ಆ ನ್ಯಾಯವಾದ ಕೆಲಸಕ್ಕೂ ಕ್ವೇಡ್‌ನ ಪ್ರೋಗ್ರಾಂ ಬೇಕಾಗುತ್ತದಲ್ಲ ಎಂಬುದು ಮುಖ್ಯ ಕಾರಣ. ಅಂದರೆ ಬೀಗ ಬೇಡ ಅಂದಿದ್ದನ್ನು ಕಾನೂನು ಆಗಬಹುದು ಅಂದಿತು. ಅಷ್ಟರಲ್ಲಿ ಗ್ರಾಹಕರೂ ಬೇಸತ್ತಿದ್ದರು. ಆ ದಶಕ ಮುಗಿಯುವಷ್ಟರಲ್ಲಿ ಬಹುತೇಕ ದೊಡ್ಡ ಕಚೇರಿ ಸಾಫ್ಟ್‌ವೇರುಗಳು ಫ್ಲಾಪಿ ಬೀಗ ಕೈಬಿಟ್ಟವು.

ನಮ್ಮ ಪಕ್ಕದ ಲಾಹೋರಿನ ಕಥೆ ಹೇಳದಿದ್ದರೆ ಇದು ಪೂರ್ತಿ ಆಗಲ್ಲ. 1986ರಲ್ಲಿ ಅಲ್ಲಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಅಣ್ಣತಮ್ಮಂದಿರು, ತಾವು ಬರೆದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ನಕಲು ಮಾಡುತ್ತಿದ್ದಾರೆ ಅಂತ ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಕೂರಿಸಿದರು. ಫ್ಲಾಪಿಯಿಂದ ಫ್ಲಾಪಿಗೆ ಹಬ್ಬುವ ಅದರೊಳಗೆ ಅವರ ಹೆಸರು, ಅಂಗಡಿ ವಿಳಾಸ, ಫೋನ್ ನಂಬರ್ ಎಲ್ಲ ಇತ್ತು. ಕಳ್ಳ ಸಿಕ್ಕರೆ ಅವನೇ ಫೋನ್ ಮಾಡಲಿ ಅಂತ. ಅದೇ ಬ್ರೇನ್, ಐಬಿಎಂ ಪಿಸಿಗಳ ಮೊದಲ ವೈರಸ್. ಲಾಹೋರಿನಿಂದ ಹೊರಟಿದ್ದು ಅಮೆರಿಕದ ಕಾಲೇಜುಗಳವರೆಗೂ ಹೋಯಿತು. ಆ ಸಾಫ್ಟ್‌ವೇರಿನ ಮುಖವನ್ನೂ ನೋಡದವರ ಫ್ಲಾಪಿಗೆಲ್ಲ ಅಂಟಿತು. ಬೀಗ ಮನೆ ಬಿಟ್ಟು ಊರಿಗೆಲ್ಲ ಹಬ್ಬಿದ್ದು ಹೀಗೆ.

ಆಮೇಲೆ ಸಿ.ಡಿ. ಕಾಲ. ನಿಮ್ಮಲ್ಲಿ ಬಹುತೇಕರು ಕಂಡಿರುವ ಕಾಲ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿ.ಡಿ.ಯಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ. ನಾವು ಬರ್ನ್ ಮಾಡುವ ಸಿ.ಡಿ.ಯಲ್ಲಿ ಗುಳಿ ಇಲ್ಲ, ಬಣ್ಣದ ಪದರವನ್ನು ಲೇಸರ್ ಸುಟ್ಟ ಗುರುತು ಮಾತ್ರ. ಎರಡನ್ನೂ ಡ್ರೈವ್ ಒಂದೇ ಥರ ಓದುತ್ತೆ. ಹಾಗಾಗಿ ಬೀಗದವರು ಮತ್ತೆ ತಪ್ಪುಗಳ ಮೊರೆ ಹೋದರು. 1990ರ ದಶಕದ ಕೊನೆಗೆ ಬಂದ ಸೇಫ್‌ಡಿಸ್ಕ್ ಎಂಬ ಬೀಗ ಗೇಮ್ ಸಿ.ಡಿ.ಗಳಲ್ಲಿ ಬೇಕೆಂದೇ ಓದಲಾಗದ ಸೆಕ್ಟರುಗಳನ್ನು ಇಟ್ಟಿತು. ಕಾಪಿ ಮಾಡುವ ಪ್ರೋಗ್ರಾಂ ಅಲ್ಲಿ ಎಡವಿ ನಿಲ್ಲುತ್ತೆ, ಇಲ್ಲವೇ ತಪ್ಪನ್ನು ತಿದ್ದಿಬಿಡುತ್ತೆ. ತಪ್ಪು ಇಲ್ಲದ ಸಿ.ಡಿ. ನಕಲು ಅಂತ ಗೇಮ್ ತೀರ್ಮಾನಿಸುತ್ತೆ. ಮುಂದಿನ ಆವೃತ್ತಿ ಇನ್ನೂ ಮಜ. ಕೆಲವು ಬಿಟ್ ವಿನ್ಯಾಸಗಳನ್ನು ಬರೆಯುವುದು ಅಗ್ಗದ ಸಿ.ಡಿ. ರೈಟರುಗಳಿಗೆ ಕಷ್ಟ. ಅವನ್ನೇ ಹುಡುಕಿ ತುಂಬಿದರು. ತರೀಕೆರೆ ಏರಿಯ ಕುರಿಮರಿ ಮಾತನ್ನು ಬೇಗ ಬೇಗ ಹೇಳು ಅಂದರೆ ನಾಲಿಗೆ ತೊಡರುತ್ತಲ್ಲ, ಹಾಗೆ ರೈಟರ್ ತೊಡರುತ್ತಿತ್ತು.

ಸೇಫ್‌ಡಿಸ್ಕ್ ಕೆಲಸ ಮಾಡಲು ವಿಂಡೋಸ್‌ನ ಒಳಗೆ ಒಂದು ಡ್ರೈವರ್ ಫೈಲ್ ಇರಬೇಕಿತ್ತು. ಅದರಲ್ಲಿ ಭದ್ರತೆಯ ತೂತುಗಳಿದ್ದವು. 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಅದನ್ನು ಬಿಟ್ಟಿತು. ಅದೇ ಸೆಪ್ಟೆಂಬರಿನ ಅಪ್‌ಡೇಟಿನಲ್ಲಿ ಹಳೆಯ ವಿಂಡೋಸುಗಳಲ್ಲೂ ನಿಲ್ಲಿಸಿತು. ಸರಿಯಾದ ನಿರ್ಧಾರವೇ. ಆದರೆ ಆದದ್ದೇನು? ಹದಿನೈದು ವರ್ಷ ಒರಿಜಿನಲ್ ಸಿ.ಡಿ.ಯನ್ನು ಡಬ್ಬಿಯಲ್ಲಿ ಜೋಪಾನ ಮಾಡಿದವನ ಗೇಮ್ ಓಡಲ್ಲ. ಬೀಗ ಮುರಿದ ನಕಲು ಇಟ್ಟುಕೊಂಡವನದು ಓಡುತ್ತೆ.

ಹಾಗಾದರೆ ನಮ್ಮ ಕಾನೂನು ಏನು ಹೇಳುತ್ತೆ? ನಾನು ವಕೀಲ ಅಲ್ಲ. ಆದರೆ ಕಾಯ್ದೆ ಓದುವುದು ಅಷ್ಟೇನೂ ಕಷ್ಟ ಅಲ್ಲ, ಎಷ್ಟೋ ಲೈಸೆನ್ಸ್ ಅಗ್ರಿಮೆಂಟುಗಳಿಗಿಂತ ಸುಲಭ. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಕಂಪ್ಯೂಟರ್ ಪ್ರೋಗ್ರಾಂ ಅದರೊಳಗೆ ಸಾಹಿತ್ಯ ಕೃತಿಯಾಗಿ ಸೇರಿದ್ದು 1984ರ ತಿದ್ದುಪಡಿಯಲ್ಲಿ. ಹೌದು, ಕಾನೂನಿನ ಕಣ್ಣಲ್ಲಿ ನಾವು ಬರೆಯುವ ಕೋಡ್ ಕಾದಂಬರಿಯ ಸಾಲಿನಲ್ಲೇ ಕೂರುತ್ತೆ. ನಿಜವಾದ ಬಿಗಿ ಬಂದಿದ್ದು 1994ರ ತಿದ್ದುಪಡಿಯಿಂದ. ಅದು ಜಾರಿಗೆ ಬಂದಿದ್ದು 1995ರ ಮೇ 10ರಂದು. ನಕಲಿ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 63ಬಿ ಕಲಮಿನ ಪ್ರಕಾರ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕೆ ಬಳಸಿಲ್ಲವಾದರೆ ಜೈಲು ಬಿಟ್ಟು ದಂಡ ಮಾತ್ರ ಹಾಕುವ ಅವಕಾಶ ಕೋರ್ಟಿಗಿದೆ.

ಅದೇ ತಿದ್ದುಪಡಿ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿತು. 52ನೇ ಕಲಮಿನಲ್ಲಿ, ಪ್ರತಿಯೊಂದನ್ನು ಕಾನೂನುಬದ್ಧವಾಗಿ ಹೊಂದಿರುವವರು ಕಳೆದುಹೋಗುವುದು, ಹಾಳಾಗುವುದರಿಂದ ರಕ್ಷಣೆಗಾಗಿ ತಮ್ಮ ಪ್ರತಿಯಿಂದ ಬ್ಯಾಕಪ್ ಮಾಡಿಕೊಂಡರೆ ಅದು ಉಲ್ಲಂಘನೆ ಅಲ್ಲ ಅಂತ ಸೇರಿಸಿದರು. 1999ರಲ್ಲಿ ಇನ್ನೂ ಮೂರು ಬಂದವು: ಬೇರೆ ಪ್ರೋಗ್ರಾಂ ಜೊತೆ ಹೊಂದಿಸಲು ಬೇಕಾದ ಮಾಹಿತಿ ಪಡೆಯುವುದು, ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತೆ ಅಂತ ಗಮನಿಸಿ ಕಲಿಯುವುದು, ಸ್ವಂತಕ್ಕೆ ನ್ಯಾಯವಾಗಿ ಪಡೆದ ಪ್ರತಿಯಿಂದ ವ್ಯಾಪಾರಕ್ಕಲ್ಲದ ಸ್ವಂತ ಬಳಕೆಗೆ ನಕಲು ಮಾಡಿಕೊಳ್ಳುವುದು. 2012ರಲ್ಲಿ ಬೀಗ ಮುರಿಯುವುದೂ ಅಪರಾಧವಾಯಿತು, 2 ವರ್ಷದವರೆಗೆ ಜೈಲು. ಆದರೆ ನಮ್ಮ 65ಎ ಕಲಮು ಉದ್ದೇಶ ಕೇಳುತ್ತೆ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ ತಪ್ಪು. ಅಮೆರಿಕದ 1998ರ ಕಾನೂನಿನಲ್ಲಿ ಬೀಗ ಮುರಿಯುವುದೇ ತಪ್ಪು. ವಿನಾಯಿತಿಗಳನ್ನು ಮೂರು ವರ್ಷಕ್ಕೊಮ್ಮೆ ಕೇಳಿ ಪಡೆಯಬೇಕು. ಈ ಒಂದು ವಿಷಯದಲ್ಲಿ ನಮ್ಮವರು ಹೆಚ್ಚು ವಿವೇಕದಿಂದ ಬರೆದಿದ್ದಾರೆ ಅಂತ ನನಗನ್ನಿಸುತ್ತೆ.

ಅಂದರೆ 2002ರಲ್ಲಿ ಆ ಅಂಗಡಿಯಲ್ಲಿ ನಾನು ಮಾಡಲು ಹೊರಟಿದ್ದ ಕೆಲಸಕ್ಕೆ ಕಾನೂನು ಏಳು ವರ್ಷ ಮುಂಚೆಯೇ ಒಪ್ಪಿಗೆ ಕೊಟ್ಟಿತ್ತು. ಒಪ್ಪದಿದ್ದುದು ಫ್ಲಾಪಿ.

ಈಗ ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ಅದೇ ವರ್ಷ ನನ್ನ ಹಾಸ್ಟೆಲ್ ರೂಮಿನಲ್ಲಿ ಸ್ಪಿಂಡಲ್ ತುಂಬ ನಕಲಿ ಸಿ.ಡಿ. ಇದ್ದವು. ಕಂಪೈಲರ್, ಫೋಟೋ ತಿದ್ದುವ ಸಾಫ್ಟ್‌ವೇರ್, ಗೇಮುಗಳು. ಒಂದರ ಮೇಲೂ ಬಿಲ್ ಇಲ್ಲ. ಒರಿಜಿನಲ್ ಕಂಪೈಲರಿನ ಬೆಲೆಗೆ ನಮ್ಮ ತೋಟದ ಒಂದು ವರ್ಷದ ಕಾಯಿ ಮಾರಬೇಕಿತ್ತು ಅನ್ನುವುದು ನಿಜ. ಆ ಸಿ.ಡಿ.ಗಳಿಲ್ಲದಿದ್ದರೆ ನಾನು ಈ ಕೆಲಸ ಕಲಿಯುತ್ತಿರಲಿಲ್ಲ ಅನ್ನುವುದೂ ನಿಜ. ಆದರೆ ಅದು ಕಾರಣ ಅಷ್ಟೇ, ಸಮರ್ಥನೆ ಅಲ್ಲ. ಅಣ್ಣ ಫ್ಲಾಪಿ ಉಳಿಸಿಕೊಳ್ಳಲು ಮಾಡುವ ನಕಲು, ನಾನು ಕಲಿಯಲು ಮಾಡಿದ ನಕಲು, ಫುಟ್‌ಪಾತಿನಲ್ಲಿ ಹರಡಿಕೊಂಡು ಮಾರುವವನ ನಕಲು, ಮೂರಕ್ಕೂ ನಾವು ಕಾಪಿ ಅನ್ನುವ ಒಂದೇ ಪದ ಬಳಸುತ್ತೇವೆ. ಕಾನೂನು ಈ ಮೂವರನ್ನು ಬೇರೆ ಬೇರೆಯಾಗಿ ನೋಡುತ್ತೆ. ಬೀಗಕ್ಕೆ ಮಾತ್ರ ಮೂವರೂ ಒಂದೇ. ಅದರಲ್ಲೂ ತಮಾಷೆ ಏನೆಂದರೆ, ಮೂರನೆಯವನು ಹೇಗೋ ದಾಟಿಕೊಳ್ಳುತ್ತಾನೆ. ಬಾಗಿಲ ಹೊರಗೆ ನಿಲ್ಲುವವನು ಯಾವಾಗಲೂ ಮೊದಲನೆಯವನೇ.

ನಾಲ್ಕನೆಯ ದಾರಿಯೂ ಇತ್ತು. 2005ರಲ್ಲಿ ಬೆಂಗಳೂರಿನ ಪಿ.ಜಿ. ವಿಳಾಸ ಕೊಟ್ಟು ಉಬುಂಟು ಸಿ.ಡಿ. ತರಿಸಿಕೊಂಡಿದ್ದೆ. ಒಂದು ಪೈಸೆ ಕೊಡದೆ ವಿದೇಶದಿಂದ ಅಂಚೆಯಲ್ಲಿ ಬಂದ ಲಕೋಟೆ. ನಕಲು ಮಾಡಿ ಎಲ್ಲರಿಗೂ ಹಂಚಿ ಅಂತ ಅವರೇ ಹೇಳುತ್ತಿದ್ದರು. 2011ರಲ್ಲಿ ಆ ಸೇವೆ ನಿಂತಿತು. ಬರ್ನ್ ಬಟನ್ ಒತ್ತುವಾಗ ಎದೆಯಲ್ಲಿ ಏನೂ ಚುಚ್ಚದೆ ಇದ್ದದ್ದು ಅದೇ ಮೊದಲು. ಅದಕ್ಕೂ ಮುಂಚೆ, 1998ರಲ್ಲೇ ಶೇಷಾದ್ರಿವಾಸು ಅವರು ಬರಹ ತಂತ್ರಾಂಶವನ್ನು ಉಚಿತವಾಗಿ ಕೊಟ್ಟಿದ್ದರಿಂದ ತಾನೇ ನಮ್ಮಲ್ಲಿ ಎಷ್ಟೋ ಜನ ಕಂಪ್ಯೂಟರಿನಲ್ಲಿ ಮೊದಲ ಕನ್ನಡ ಅಕ್ಷರ ಕಂಡಿದ್ದು?

ಮತ್ತೆ ತಿಪಟೂರಿಗೆ ಬರೋಣ. ಮೂರನೇ ದಿನ ತುಮಕೂರಿನಿಂದ ಅಣ್ಣನ ಪರಿಚಯದವರೊಬ್ಬರು ಒಂದು ಸಿ.ಡಿ. ತಂದರು. ಅದೇ ಸಾಫ್ಟ್‌ವೇರ್, ಫ್ಲಾಪಿ ಕೇಳದ ಹಾಗೆ ಯಾರೋ ಬೀಗ ಮುರಿದದ್ದು. ಹಾಕಿದೆವು. ಫೈಲ್ ತೆರೆಯಿತು. ಸೋಬಾನೆ ಪದಗಳು ಒಂದೊಂದಾಗಿ ಪರದೆ ಮೇಲೆ ಬಂದವು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಮೊದಲ ಪದದಲ್ಲೇ ಒಂದು ಒತ್ತಕ್ಷರದ ತಪ್ಪು ಹಿಡಿದರು. ಅಣ್ಣ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ದುಡ್ಡು ಕೊಟ್ಟು ತಗೊಂಡೋನು ನಾನು. ಈಗ ಇದನ್ನ ಹಾಕ್ಕೊಂಡೆ. ನಾನೀಗ ಕಳ್ಳನೇನಪ್ಪ?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತೂ ಪೂರ್ತಿ ಇಲ್ಲ. ಅವರ ಸ್ವಂತ ಪ್ರತಿಯಿಂದ ಮಾಡಿದ್ದರೆ ಕಾನೂನು ಅವರ ಪರ ಅಂತ ಧೈರ್ಯವಾಗಿ ಹೇಳುತ್ತಿದ್ದೆ. ಬೇರೆಯವರು ತಂದ ನಕಲಿಗೆ ಆ ಕಲಮು ಅಷ್ಟು ಸಲೀಸಾಗಿ ಅನ್ವಯಿಸಲ್ಲ. ನ್ಯಾಯವಾದ ದಾರಿಯನ್ನು ಬೀಗ ಮುಚ್ಚಿದ್ದರಿಂದ ಪ್ರಾಮಾಣಿಕನೊಬ್ಬ ಅಡ್ಡದಾರಿ ಹಿಡಿದ. ಬಟರ್ ಪೇಪರಿನ ಮೇಲೆ ಪುಸ್ತಕ ಪ್ರಿಂಟಾಯಿತು, ಪ್ಲೇಟಿಗೆ ಹೋಯಿತು, ಐನೂರು ಪ್ರತಿ ಬಂತು. ನಮ್ಮಮ್ಮನ ಹತ್ತಿರ ಒಂದಿದೆ.

ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು ಅಂತ ಶಾಲೆಯಲ್ಲಿ ಓದಿದ್ದೇವೆ. ನಾವು ಅವಳನ್ನು ದಾನಚಿಂತಾಮಣಿ ಅಂದೆವು. ಓಲೆಗರಿಗೆ ಗೆದ್ದಲು ಹಿಡಿಯುತ್ತೆ, ಫ್ಲಾಪಿಗೆ ಬೂಷ್ಟು ಹಿಡಿಯುತ್ತೆ, ಸಿ.ಡಿ.ಯ ಪದರ ಎದ್ದುಹೋಗುತ್ತೆ. ಉಳಿಯುವುದು ಯಾರೋ ಪ್ರತಿ ಮಾಡಿಟ್ಟಿದ್ದು ಮಾತ್ರ. ಬರೆದವನಿಗೆ ಕೊಡಬೇಕಾದ್ದನ್ನು ಕೊಡೋಣ, ಅದರಲ್ಲಿ ನನಗೆ ಎರಡನೇ ಮಾತಿಲ್ಲ, ನನ್ನ ಅನ್ನವೂ ಅದೇ. ಆದರೆ ಕೊಟ್ಟು ಕೊಂಡದ್ದನ್ನು ಉಳಿಸಿಕೊಳ್ಳುವ ಹಕ್ಕನ್ನು ಬಿಟ್ಟುಕೊಡುವುದು ಬೇಡ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಸಿ.ಡಿ. ಡಬ್ಬ ಇಳಿಸಿದೆ. ಎಕ್ಸ್‌ಟರ್ನಲ್ ಡ್ರೈವ್ ಇಟ್ಟುಕೊಂಡು ಒಂದೊಂದನ್ನೇ ಹಾರ್ಡ್ ಡಿಸ್ಕಿಗೆ ಇಮೇಜ್ ಮಾಡುತ್ತಾ ಕೂತೆ. ನ್ಯಾಯವಾಗಿ ಕೊಂಡದ್ದು ಹನ್ನೊಂದು ಇದ್ದವು. ಅದರಲ್ಲಿ ನಾಲ್ಕು ಆಗಲೇ ಓದುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಡಬ್ಬ ಇದ್ದರೆ ಈ ಶನಿವಾರವೇ ಇಳಿಸಿ. ಉಳಿದಿದ್ದನ್ನು ಅಮ್ಮ ಕೇಳಿದರು, "ಇವು ಕೆಲ್ಸಕ್ಕೆ ಬರಲ್ಲ ಅಂದ್ರೆ ಅವರೆ ಹೊಲಕ್ಕೆ ಕೊಡಪ್ಪ, ದಾರ ಕಟ್ಟಿ ನೇತಾಕ್ತೀನಿ, ಹಕ್ಕಿ ಬರಲ್ಲ."

ಹಾಸ್ಟೆಲ್ಲಿನ ಸ್ಪಿಂಡಲ್ ಪೂರ್ತಿ ಈಗ ಅವರೆ ಹೊಲ ಕಾಯುತ್ತಿದೆ.